ಅರ್ಧ ಗಂಟೆಯಲ್ಲಿ ಸುತ್ತಿ ಮುಗಿಯುವ ಹವಳದ ದ್ವೀಪದಲ್ಲಿ ಆರು ದಿನ ಏನು ಮಾಡುವುದು?

ಅರ್ಧ ಗಂಟೆಯಲ್ಲಿ ಸುತ್ತಿ ಬರಬಹುದಾದ ದ್ವೀಪ, ಆರು ದಿನದ ರಜೆ, ಪತ್ನಿಗೆ ಈಜು ಬರುವುದಿಲ್ಲ, ಎರಡನೇ ದಿನಕ್ಕೇ ಬೇಸರವಾದರೆ ಏನು ಗತಿ ಎಂದು ಕೇಳಿದ್ದೀರಿ. ಅಂಥದೇ ಒಂದು ದ್ವೀಪದಲ್ಲಿ ನಾನು ಐದು ದಿನ ಇದ್ದು ಬಂದಿದ್ದೇನೆ. ಮೊದಲ ಒಂದೂವರೆ ದಿನ ನನಗೂ ಹೊತ್ತು ಹೋಗಲಿಲ್ಲ. ಉಬ್ಬರ ಇಳಿತಗಳ ವೇಳಾಪಟ್ಟಿ ಕೈಗೆ ಸಿಕ್ಕ ಮೇಲೆ ಐದು ದಿನ ಸಾಲದಾಯಿತು. ಹಾಗಾಗಿ ದೋಣಿಯಿಂದ ಇಳಿದ ಕೂಡಲೇ ಅದನ್ನು ಕೇಳಿ ಪಡೆಯಿರಿ.

ಹವಳದ ದ್ವೀಪದ ಬಹುಪಾಲು ನೀರಿನೊಳಗಿರುತ್ತದೆ, ನಾವು ನಡೆದಾಡುವ ಮರಳು ಅದರ ನೆತ್ತಿ. ಸುತ್ತಲಿನ ಹವಳದ ದಿಬ್ಬ ಹೆಚ್ಚಿನ ಕಡೆ ದಿನಕ್ಕೆ ಎರಡು ಸಲ ಮುಳುಗುತ್ತದೆ, ಎರಡು ಸಲ ಮೈ ತೋರುತ್ತದೆ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಏರಿಳಿತ ಒಂದು ಮೀಟರಿನಷ್ಟಿದ್ದರೂ ಸಾಕು, ಬೆಳಿಗ್ಗೆ ಎದೆಮಟ್ಟ ನೀರಿದ್ದಲ್ಲಿ ಮಧ್ಯಾಹ್ನ ಮೊಣಕಾಲು ಮುಳುಗುವುದಿಲ್ಲ.

ನೀರಿಳಿದ ಹೊತ್ತು ನಿಮ್ಮ ಪತ್ನಿಯವರದು. ದಪ್ಪ ಅಟ್ಟೆಯ ಶೂ ಹಾಕಿಕೊಂಡು, ಮರಳಿರುವ ಕಡೆಯಷ್ಟೇ ಕಾಲಿಡುತ್ತಾ ನಿಧಾನವಾಗಿ ಹೋಗಲಿ. ಕಲ್ಲುಮೀನು ಥೇಟ್ ಕಲ್ಲಿನಂತೆಯೇ ಬಿದ್ದಿರುತ್ತದೆ, ಅದರ ಬೆನ್ನಿನ ಮುಳ್ಳುಗಳಲ್ಲಿ ವಿಷವಿದೆ. ಶಂಕುವಿನಾಕಾರದ ಚಿತ್ತಾರದ ಚಿಪ್ಪು ಎಷ್ಟೇ ಚಂದ ಕಂಡರೂ ಎತ್ತಬಾರದು. ಒಳಗಿನ ಬಸವನಹುಳು ಚುಚ್ಚಿ ಮನುಷ್ಯರು ಸತ್ತದ್ದಿದೆ. ಇಷ್ಟು ಎಚ್ಚರವಿದ್ದರೆ ಉಳಿದದ್ದೆಲ್ಲ ಸುಖವೇ. ಯಾವುದಾದರೂ ಒಂದು ನೀರಗುಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಕಾಯಬೇಕು. ನಾನು ಹಾಗೆ ಕುಳಿತಾಗ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಲ್ಲಿನ ಬಿರುಕಿನಲ್ಲಿ ಅಲೆಅಲೆಯಾದ ಕಡುನೀಲಿ ತುಟಿಯೊಂದು ಕಣ್ಣಿಗೆ ಬಿತ್ತು. ನೋಡಲೆಂದು ಬಾಗಿದೆ. ನನ್ನ ನೆರಳು ತಾಗಿದ್ದೇ ತಡ, ತುಟಿ ಗಕ್ಕನೆ ಮುಚ್ಚಿತು. ಅದು ಬಂಡೆಯೊಳಗೆ ಹುದುಗಿ ಬದುಕುವ ಒಂದು ಬಗೆಯ ಕಪ್ಪೆಚಿಪ್ಪು. ಬೆಳಕು ಮಸುಕಾದರೆ ಗುರುತಿಸುವ ಪುಟ್ಟ ಪುಟ್ಟ ಕಣ್ಣುಗಳು ಅದರ ಅಂಚಿನುದ್ದಕ್ಕೂ ಇರುತ್ತವೆ. ಹಿಂದೆ ಸರಿದು ಉಸಿರು ಬಿಗಿಹಿಡಿದು ಕಾದೆ. ಮೆಲ್ಲಮೆಲ್ಲನೆ ಮತ್ತೆ ಅರಳಿತು. ಆ ಒಂದು ಗುಂಡಿಯ ಬಳಿಯೇ ಮುಕ್ಕಾಲು ಗಂಟೆ ಕಳೆದಿತ್ತು.

ನೀರು ಏರತೊಡಗಿದರೆ ಹೊರಗಡಲಿನ ತಿಳಿನೀರು ಒಳಬರುತ್ತದೆ, ಮುಖ ನೀರಿನೊಳಗಿಟ್ಟೇ ಉಸಿರಾಡಲು ಬಳಸುವ ಕೊಳವೆ, ಸ್ನಾರ್ಕೆಲ್, ಹಾಕಿಕೊಳ್ಳುವ ಹೊತ್ತು ಅದು. ಈಜು ಬಾರದವರೂ ಲೈಫ್ ಜಾಕೆಟ್ ತೊಟ್ಟು, ಜೊತೆಗೊಬ್ಬರನ್ನು ಇಟ್ಟುಕೊಂಡು, ಮರಳು ತಳದ ಸೊಂಟಮಟ್ಟದ ನೀರಿನಲ್ಲಿ ಮುಖ ಮುಳುಗಿಸಿ ನೋಡಬಹುದು. ಕಿವಿ ನೀರಿನೊಳಗೆ ಹೋದೊಡನೆ ಕರಕರ ಸದ್ದು ಕೇಳಿದರೆ ಗಾಬರಿಯಾಗಬೇಡಿ, ಗಿಳಿಮೀನು ಊಟಕ್ಕೆ ಕುಳಿತಿದೆ. ಕೊಕ್ಕಿನಂಥ ಹಲ್ಲಿನಿಂದ ಸತ್ತ ಹವಳದ ಕಲ್ಲನ್ನು ಕೆರೆದು ಪಾಚಿ ತಿನ್ನುತ್ತದೆ, ನುರಿದ ಕಲ್ಲು ಮರಳಾಗಿ ಹೊರಬೀಳುತ್ತದೆ. ದೊಡ್ಡದೊಂದು ಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. ಸಂಜೆ ನೀವು ಕೂರುವ ಬಿಳಿ ಮರಳಿನಲ್ಲಿ ಅದರ ಪಾಲೂ ಇದ್ದೀತು.

ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು. ಮೂರನೇ ದಿನ ನನ್ನ ಮಾಸ್ಕಿನೊಳಗೆ ನೀರು ನುಗ್ಗಿತು. ಗಾಬರಿಯಲ್ಲಿ ಎದ್ದು ನಿಂತೆ. ಕಾಲ ಕೆಳಗೆ ಏನೋ ಲಟಕ್ಕೆಂದು ಮುರಿಯಿತು. ನೋಡಿದರೆ ಕೊಂಬೆ ಹವಳ, ಗೇಣುದ್ದದ್ದು. ಕೊಂಬೆ ಹವಳ ಬೇಗ ಬೆಳೆಯುತ್ತದೆ, ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟೇ ಬೆಳೆಯುವ ಗುಂಡು ಹವಳವಾಗಿದ್ದರೆ ಇನ್ನೂ ಕಷ್ಟವಿತ್ತು ಎಂದು ಜೊತೆಗಿದ್ದ ದೋಣಿಯವರು ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಸಮುದ್ರದ ಶಾಖ ಹೆಚ್ಚಿ ಜಗತ್ತಿನಾದ್ಯಂತ ಹವಳಗಳು ಬೆಳ್ಳಗಾಗುವುದು 1998ರಿಂದೀಚೆಗೆ ನಾಲ್ಕು ಸಲ ಆಗಿದೆ. ಅಷ್ಟು ಬಳಲಿದ ಜೀವಗಳ ಮೇಲೆ ನಮ್ಮ ಕಾಲ ಭಾರವೂ ಬೀಳಬೇಕೇ? ಮಾಸ್ಕಿನ ನೀರನ್ನು ಮೂಗಿನ ಉಸಿರಿನಿಂದ ಹೊರಹಾಕುವುದನ್ನು ಮರಳಿನ ಮೇಲಿನ ಆಳವಿಲ್ಲದ ನೀರಿನಲ್ಲಿ ಹತ್ತು ಸಲ ಅಭ್ಯಾಸ ಮಾಡಿ, ಆಮೇಲೆ ಹವಳದ ಮೇಲೆ ಹೋಗಿ.

ನೀರು ಇಳಿಯುವಾಗ ದಿಬ್ಬದ ಕಿಂಡಿಗಳ ಹತ್ತಿರ ಸುಳಿಯಬೇಡಿ. ಒಳಗಿನ ನೀರೆಲ್ಲ ಆ ಕಿಂಡಿಯಿಂದಲೇ ಕಡಲಿಗೆ ಧಾವಿಸುತ್ತದೆ, ಒಳ್ಳೆಯ ಈಜುಗಾರರನ್ನೂ ಎಳೆದೊಯ್ಯುತ್ತದೆ. ಬೆನ್ನು ಸುಡದಿರಲು ತುಂಬುತೋಳಿನ ಅಂಗಿ ತೊಡಿ. ಬಿಸಿಲಿನ ಕ್ರೀಮು ಹೆಚ್ಚು ಬೇಕಾಗುವುದಿಲ್ಲ, ಅದರಲ್ಲಿನ ಕೆಲವು ರಾಸಾಯನಿಕಗಳು ಹವಳಕ್ಕೆ ಹಾನಿ ಮಾಡುತ್ತವೆಂದು ಪಲಾವು ದೇಶ 2020ರಲ್ಲೇ ಅಂಥವನ್ನು ನಿಷೇಧಿಸಿದೆ. ಸ್ನಾನಕ್ಕೂ ಕಡಿಮೆ ನೀರು ಬಳಸಿ. ಇಂಥ ದ್ವೀಪಗಳಲ್ಲಿ ಸಿಹಿನೀರೆಂದರೆ ಮರಳಿನಡಿ ಉಪ್ಪುನೀರಿನ ಮೇಲೆ ತೇಲುವ ಮಳೆನೀರಿನ ಪದರ, ಹೆಚ್ಚು ಎತ್ತಿದರೆ ಉಪ್ಪು ಮೇಲೇರುತ್ತದೆ.

ದಿನಾಂಕ ಇನ್ನೂ ನಿಗದಿಯಾಗಿಲ್ಲದಿದ್ದರೆ ಹುಣ್ಣಿಮೆಯೋ ಅಮಾವಾಸ್ಯೆಯೋ ರಜೆಯ ನಡುವೆ ಬರುವಂತೆ ನೋಡಿಕೊಳ್ಳಿ. ನೀರು ಅತಿ ಹೆಚ್ಚು ಇಳಿಯುವುದು ಆ ದಿನಗಳ ಆಸುಪಾಸಿನಲ್ಲಿ. ಅಷ್ಟಮಿಯ ಹೊತ್ತಿಗೆ ಹೋದರೆ ಏರಿಳಿತ ಕಡಿಮೆ, ನಿಮ್ಮ ಪತ್ನಿಯವರಿಗೆ ಆ ಗುಂಡಿಗಳು ಸಿಗದೇ ಹೋಗಬಹುದು.