ಅವ್ವ ಹಾಸಿಗೆ ಹಿಡಿದರೆ ಏನು ಮಾಡ್ತೀರಿ ಅಂತ ಕೇಳಿ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಉಳಿದವರಿಗಾಗಿ ನಿಮ್ಮ ಪತ್ರದ ಸಾರ ಇಷ್ಟು. ಅವ್ವನಿಗೆ 78 ವರ್ಷ. ದಾವಣಗೆರೆಯ ಪಿ.ಜೆ. ಬಡಾವಣೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆಗೆ ಏನೂ ಆಗಲಿಲ್ಲ, ಆದರೆ ಧೈರ್ಯ ಹೋಗಿದೆ. ನೀವು ಬೆಂಗಳೂರಲ್ಲಿ, ತಂಗಿ ಚಿತ್ರದುರ್ಗದಲ್ಲಿ. ಬೆಂಗಳೂರಿನ ಹೊರವಲಯದಲ್ಲಿ ಒಂದು ದೊಡ್ಡ ಹಿರಿಯರ ವಸತಿ, ದಾವಣಗೆರೆಯ ಅಂಚಿನಲ್ಲಿ ಟ್ರಸ್ಟಿನವರ ಒಂದು ಸಣ್ಣ ವೃದ್ಧಾಶ್ರಮ ನೋಡಿ ಬಂದಿದ್ದೀರಿ. ಯಾವುದು ಒಳ್ಳೆಯದು, ಜನ ಏನಂದಾರು ಅಂತ ಕೇಳಿದ್ದೀರಿ.

ಜನರ ವಿಷಯ ಮೊದಲು ಮುಗಿಸೋಣ. ಅನ್ನುವವರು ಅಂತಾರೆ. ಅವರಲ್ಲಿ ಒಬ್ಬರೂ ರಾತ್ರಿ ಎರಡು ಗಂಟೆಗೆ ಅವ್ವನನ್ನು ಬಚ್ಚಲಿಗೆ ಕರೆದೊಯ್ಯಲು ಬರುವುದಿಲ್ಲ.

ಎರಡೂ ಜಾಗಗಳ ಬಗ್ಗೆ ನೀವು ಬರೆದದ್ದನ್ನು ಮತ್ತೆ ಓದಿದೆ. ಹುಲ್ಲುಹಾಸು, ಯೋಗದ ಹಾಲ್, ದೇವರ ಗುಡಿ, ವಾಕಿಂಗ್ ದಾರಿ. ಎಲ್ಲವೂ ಓಡಾಡುವ ಅವ್ವನಿಗೆ. ಓಡಾಡಲಾಗದ ದಿನ ಬಂದರೆ? ಎಷ್ಟೋ ಕಡೆ 'ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಮಾತ್ರ' ಅಂತ ನಿಯಮ ಇರುತ್ತದೆ. ಹಾಸಿಗೆ ಹಿಡಿದರೆ, ಮರೆವು ಜಾಸ್ತಿಯಾದರೆ, ಬಂದು ಕರ್ಕೊಂಡು ಹೋಗಿ ಅಂತ ಫೋನ್ ಮಾಡುತ್ತಾರೆ. ಅವರದು ಕಲ್ಲು ಮನಸ್ಸು ಅಂತಲ್ಲ, ಅಷ್ಟು ಆಳುಗಳೇ ಇರುವುದಿಲ್ಲ. ಆದರೆ ನಿಮಗೆ ಅದು ಗೊತ್ತಾಗುವುದು ಎಲ್ಲಕ್ಕಿಂತ ಕೆಟ್ಟ ಹೊತ್ತಿನಲ್ಲಿ. ಹಾಗಾಗಿ ಮೊದಲು ಇದನ್ನೇ ಕೇಳಿ, ಉತ್ತರವನ್ನು ಕರಾರಿನಲ್ಲಿ ಬರೆಸಿಕೊಳ್ಳಿ. 'ಆಗ ನೋಡೋಣ ಸರ್' ಅಂದರೆ, ನೋಡಿಕೊಳ್ಳುವುದಿಲ್ಲ ಅಂತಲೇ ತಿಳಿಯಿರಿ.

ಇನ್ನೊಮ್ಮೆ ಹೋಗುವಾಗ ಹೇಳದೇ ಹೋಗಿ, ರಾತ್ರಿ ಊಟದ ಹೊತ್ತಿಗೆ. ಆಫೀಸ್ ಕೋಣೆಯಲ್ಲಿ ಕೂತು ಕಾಫಿ ಕುಡಿದು ಬರಬೇಡಿ. ಹಿಂದಿನ ಕೋಣೆಗಳಲ್ಲಿ ಮಲಗಿದವರನ್ನು ನೋಡಿ. ಮೂತ್ರದ ವಾಸನೆ ಇದೆಯಾ, ಕರೆದಾಗ ಯಾರಾದರೂ ಬರುತ್ತಾರಾ, ಹಲ್ಲಿಲ್ಲದವರಿಗೆ ರೊಟ್ಟಿಯನ್ನು ಸಾರಲ್ಲಿ ನೆನೆಸಿ ಕೊಡುತ್ತಾರಾ. ಬಚ್ಚಲಿನ ನೆಲ ಒಣಗಿದೆಯಾ, ಕಮೋಡ್ ಪಕ್ಕ ಹಿಡಿಕೆ ಇದೆಯಾ. ರಾತ್ರಿ ಎಚ್ಚರ ಇರುವವರು ಎಷ್ಟು ಜನ, ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ ಅಂತಲೂ ಕೇಳಿ. ಈ ವಿಷಯದಲ್ಲಿ ದಾವಣಗೆರೆಗೆ ಒಂದು ಅನುಕೂಲ ಇದೆ. ಬಾಪೂಜಿ, ಎಸ್.ಎಸ್., ಚಿಗಟೇರಿ ಜಿಲ್ಲಾ ಆಸ್ಪತ್ರೆ ಮೂರೂ ಊರಲ್ಲೇ ಇವೆ. ಬೆಂಗಳೂರಿನ ವಿಳಾಸ ಇದ್ದ ಮಾತ್ರಕ್ಕೆ ಆಸ್ಪತ್ರೆ ಹತ್ತಿರ ಅಂತೇನಿಲ್ಲ, ನಡುವೆ ಆ ಟ್ರಾಫಿಕ್ ಇದೆಯಲ್ಲ.

ಪ್ರತಿ ಭಾನುವಾರ ಹೋಗಿ ಬರುತ್ತೇನೆ ಅಂತ ಬರೆದಿದ್ದೀರಿ. ಮೊದಲ ಎರಡು ತಿಂಗಳು ಹೋಗುತ್ತೀರಿ, ನಂಬುತ್ತೇನೆ! ದಾವಣಗೆರೆಯಲ್ಲಾದರೆ ಓಣಿಯ ಹೆಂಗಸರು ಆಟೋ ಹಿಡಿದು ಬಂದು ಮಾತಾಡಿಸುತ್ತಾರೆ. ತಂಗಿಗೆ ಚಿತ್ರದುರ್ಗದಿಂದ ಸುಮಾರು 60 ಕಿಲೋಮೀಟರ್, ಬೆಳಿಗ್ಗೆ ಬಂದು ಸಂಜೆ ಮನೆ ಸೇರಬಹುದು. ನನ್ನ ಓಟು ದಾವಣಗೆರೆಗೇ. ಆದರೆ ಹಾಸಿಗೆಯ ಪ್ರಶ್ನೆಗೆ ಆ ಟ್ರಸ್ಟಿನವರು ನೇರ ಉತ್ತರ ಕೊಟ್ಟರೆ ಮಾತ್ರ.

ದುಡ್ಡಿನ ವಿಷಯ ನಿಮಗೇ ಗೊತ್ತು. ಆದರೂ ಡೈಪರ್, ಔಷಧಿ, ಪ್ರತ್ಯೇಕ ಆಯಾ ಇವುಗಳ ಬಿಲ್ ಬೇರೆಯಾ, ಠೇವಣಿ ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ ಅಂತ ಬರಹದಲ್ಲಿ ಇರಲಿ.

ಮನೆಯನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳಿ ಅಂತ ಭಾವ ಹೇಳಿದರಂತೆ. ಈಗ ಬೇಡ. ಮುಂದೆ ಎಂದಾದರೂ ಅವ್ವ ದಾನಪತ್ರ ಮಾಡುವುದಾದರೆ, ನೋಡಿಕೊಳ್ಳಬೇಕು ಎಂಬ ಷರತ್ತು ಅದರಲ್ಲೇ ಇರಲಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಆ ಷರತ್ತು ಮುರಿದರೆ ಪತ್ರವನ್ನೇ ರದ್ದು ಮಾಡಿಸಬಹುದು. ನಿಮ್ಮ ಮೇಲೆ ಅನುಮಾನದಿಂದ ಹೇಳುತ್ತಿಲ್ಲ. ಸ್ವಂತ ಮನೆ ಇದೆ ಅನ್ನುವುದೇ ಅವರಿಗೆ ದೊಡ್ಡ ಬಲ, ಅಲ್ವಾ?

ಇನ್ನೊಂದು. ಮೂರು ಪುಟದ ಪತ್ರದಲ್ಲಿ ನೀವಿದ್ದೀರಿ, ತಂಗಿ, ಭಾವ ಎಲ್ಲ ಇದ್ದಾರೆ. ಅವ್ವ ಏನಂದರು ಅನ್ನುವುದು ಒಂದು ಸಾಲೂ ಇಲ್ಲ. ಅವರನ್ನೇ ಕರೆದುಕೊಂಡು ಹೋಗಿ ತೋರಿಸಿ. ಮನೆಗೆ ಬೀಗ ಹಾಕಿ, ಕೀ ಅವರ ಕೈಯಲ್ಲೇ ಕೊಟ್ಟು, ಒಂದು ತಿಂಗಳು ಇದ್ದು ನೋಡಲಿ. ಒಲ್ಲೆ ಅಂದರೆ ಅದೂ ಉತ್ತರವೇ. ಆಗ ರಾತ್ರಿ ಜೊತೆಗೆ ಮಲಗಲು ಗೊತ್ತಿರುವ ಹೆಂಗಸೊಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಿ. ಸಲಹೆ ಬೇಕಾದಾಗ ಹಿರಿಯರ ಸಹಾಯವಾಣಿ 14567 ಇದೆ.

ಅವರು ಏನೇ ಹೇಳಲಿ, ಈ ವಾರವೇ ಪ್ಲಂಬರನ್ನು ಕರೆಸಿ ಆ ಬಚ್ಚಲಿಗೆ ಎರಡು ಹಿಡಿಕೆ ಹಾಕಿಸಿ.

– ಸಂಪಾದಕ