ರೆಸಿಡೆನ್ಸಿ ಕಲಾವಿದರ ಮಾತು, ಪ್ರದರ್ಶನಕ್ಕೆ ಹಾಸನದ ನಮ್ಮಂಥವರು ಹೋಗಬಹುದಾ? ಏನೂ ಅರ್ಥವಾಗದಿದ್ದರೆ?

ಧಾರಾಳವಾಗಿ ಹೋಗಿ. ರೆಸಿಡೆನ್ಸಿ ಅಂದರೆ ಇಲ್ಲಿ ಲಾಡ್ಜ್ ಅಲ್ಲ. ಕಲಾವಿದರು ಕೆಲವು ವಾರವೋ ತಿಂಗಳೋ ಒಂದು ಜಾಗದಲ್ಲಿ ಉಳಿದು ಕೆಲಸ ಮಾಡುವ ವ್ಯವಸ್ಥೆ. ಕೊನೆಗೆ ಸ್ಟುಡಿಯೊ ಬಾಗಿಲು ತೆರೆದು, ಮಾಡಿದ್ದನ್ನು ಜನರಿಗೆ ತೋರಿಸಿ ಮಾತಾಡುತ್ತಾರೆ. ಇಂಥ ರೆಸಿಡೆನ್ಸಿ ನಡೆಸುವ ಜಾಗಗಳಲ್ಲಿ ದೆಹಲಿಯ ಖೋಜ್ ಶುರುವಾದದ್ದು 1997ರಲ್ಲಿ, ಬೆಂಗಳೂರಿನ ಒನ್ ಶಾಂತಿರೋಡ್ 2003ರಲ್ಲಿ. ಇಂಥ ಕಾರ್ಯಕ್ರಮಗಳಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ.

ಅರ್ಥದ ಚಿಂತೆ ಬಿಡಿ. ನಾನು ಮೊದಲ ಸಲ ಹೋದಾಗ ಕಲಾವಿದೆಯೊಬ್ಬರು ಅರ್ಧ ಗಂಟೆ ಸುಮ್ನೆ ಕಾಫಿ ಬೀಜ ಹುರಿದರು. ಹೊಗೆ, ಘಮ, ಚಟಪಟ ಸದ್ದು, ಅಷ್ಟೇ. ಸಕಲೇಶಪುರ ಕಡೆಯ ಹಿರಿಯರೊಬ್ಬರು, “ಇದ್ರಲ್ಲಿ ಕಲೆ ಎಲ್ಲಿದೆ ಮೇಡಂ?” ಅಂದರು. ಆಕೆ ನಗುತ್ತಾ, “ನಿಮ್ಮನೇಲಿ ಯಾರು ಹುರೀತಿದ್ರು ಸಾರ್?” ಅಂತ ಕೇಳಿದರು. ಅವರು ಅಜ್ಜಿಯ ಮಣ್ಣಿನ ಬಾಣಲೆ, ಸೀದ ಬೀಜಕ್ಕೆ ಬಿದ್ದ ಬೈಗುಳ ಅಂತ ಹತ್ತು ನಿಮಿಷ ಮಾತಾಡಿದರು! ನನಗೆ ಪ್ರದರ್ಶನಕ್ಕಿಂತ ಅದೇ ಜಾಸ್ತಿ ಹಿಡಿಸಿತು.

ಹಾಗಾಗಿ ಪ್ರಶ್ನೆ ಕೇಳಲು ನಾಚಬೇಡಿ. ಬೇಲೂರಿನ ದೇವಸ್ಥಾನದಲ್ಲಿ ಹೊಯ್ಸಳರ ಕಾಲದ ಶಿಲ್ಪಿ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಅವರನ್ನಂತೂ ಈಗ ಏನೂ ಕೇಳಲಾಗದು. ಈ ರೆಸಿಡೆನ್ಸಿ ಕಲಾವಿದರು ಎದುರಿಗೇ ಕೂತಿರುತ್ತಾರೆ, ಅಲ್ವಾ? “ಇದೇ ಸಾಮಾನು ಯಾಕೆ ತಗೊಂಡಿರಿ?” ಅಂತ ಶುರುಮಾಡಿ.

ಬೆಂಗಳೂರಿಗೆ ಹೋಗುವುದಾದರೆ ವಾಪಸ್ ಬಸ್ಸಿನ ಟೈಮ್ ಮೊದಲೇ ನೋಡಿಕೊಳ್ಳಿ. ಇಂಥ ಕಾರ್ಯಕ್ರಮಗಳು ಹೆಚ್ಚಾಗಿ ಸಂಜೆಯೇ ಇರುತ್ತವೆ.