ಸಾಹೇಬರ ಹೆಸರು ಹೇಳಿದರೆ ಪಿಎ ಪಾರಾಗುತ್ತಾನೆಯೇ?

ಭ್ರಷ್ಟಾಚಾರ ಪ್ರಕರಣಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಬೆಳಗಾವಿಯ ಕ್ರಿಮಿನಲ್ ವಕೀಲರೊಬ್ಬರ ಉತ್ತರ

ಪ್ರಶ್ನೆ: ನಮಸ್ಕಾರ ವಕೀಲ ಸಾಹೇಬ್ರ. ನಮ್ಮ ಅಕ್ಕನ ಗಂಡ ಒಬ್ಬ ಜನಪ್ರತಿನಿಧಿ ಕಡೆ ಪಿಎ ಅಂತ ಇದ್ದರು. ಸರ್ಕಾರಿ ನೌಕರಿ ಅಲ್ಲ, ಪಗಾರ ಸಾಹೇಬ್ರೇ ಕೊಡ್ತಿದ್ದರು. ಗುತ್ತಿಗೆದಾರರೊಬ್ಬರ ಬಿಲ್ ಪಾಸ್ ಮಾಡಸ್ತೀನಿ ಅಂತ ರೊಕ್ಕ ಇಸ್ಕೊಳ್ಳೋವಾಗ ಲೋಕಾಯುಕ್ತದವರು ಹಿಡದಾರ. ಚಾರ್ಜ್‌ಶೀಟ್ ಆಗೇತಿ. ‘ತಪ್ಪು ಒಪ್ಪಿಕೊಂಡ್ರ ಕಡಿಮಿದಾಗ ಮುಗೀತೈತಿ’ ಅಂತ ಒಬ್ಬರು, ‘ಸಾಹೇಬ್ರ ಹೆಸರು ಹೇಳಿದ್ರ ಪೂರ್ತಿ ಬಿಡ್ತಾರ’ ಅಂತ ಇನ್ನೊಬ್ಬರು ಹೇಳಾಕತ್ತಾರ. ಯಾವುದು ಖರೆ? — ಹೆಸರು ಬೇಡ, ಬಾಗಲಕೋಟೆ ಜಿಲ್ಲೆ

ಉತ್ತರ: ಇಬ್ಬರೂ ಅರ್ಧರ್ಧ ಖರೆ ಹೇಳಿದ್ದಾರೆ. ಆದರೆ ಇವು ಎರಡು ಬೇರೆ ದಾರಿಗಳು. ತಪ್ಪು ಒಪ್ಪಿಕೊಂಡು ಶಿಕ್ಷೆ ಇಳಿಸಿಕೊಳ್ಳುವುದು ಪ್ಲೀ ಬಾರ್ಗೇನಿಂಗ್. ಇದ್ದದ್ದನ್ನೆಲ್ಲ ಹೇಳಿ ಕ್ಷಮೆ ಪಡೆಯುವುದು ಮಾಫಿ ಸಾಕ್ಷಿ. ಮೊದಲನೆಯದರಲ್ಲಿ ಸಾಹೇಬರ ಹೆಸರು ಬರಬೇಕೆಂದೇನೂ ಇಲ್ಲ. ಎರಡನೆಯದರಲ್ಲಿ ಬರೀ ಹೆಸರು ಹೇಳಿದರೆ ಆಗುವುದಿಲ್ಲ.

ಮೊದಲು ಕಲಂ ಯಾವುದು ನೋಡಿ. ಸರ್ಕಾರದ ಸಂಬಳದಲ್ಲಿರುವ ಪಿಎ ಆಗಿದ್ದರೆ ಅವರು ಸಾರ್ವಜನಿಕ ನೌಕರ, ಭ್ರಷ್ಟಾಚಾರ ತಡೆ ಕಾಯ್ದೆಯ 7ನೇ ಕಲಂ ಬೀಳುತ್ತದೆ. ನಿಮ್ಮ ಮಾಮಾ ಖಾಸಗಿ ವ್ಯಕ್ತಿ. ಅಧಿಕಾರಿಯ ಮೇಲೆ ಪ್ರಭಾವ ಬೀರಿ ಕೆಲಸ ಮಾಡಿಸುತ್ತೇನೆಂದು ಹಣ ಪಡೆಯುವ ಇಂಥವರಿಗೆಂದೇ 2018ರ ತಿದ್ದುಪಡಿಯಲ್ಲಿ 7ಎ ಬಂದಿದೆ. ಎರಡರಲ್ಲೂ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸಜೆ.

ಈ 7 ವರ್ಷ ಎಂಬ ಅಂಕಿ ಮುಖ್ಯ. 7 ವರ್ಷಕ್ಕಿಂತ ಹೆಚ್ಚು ಸಜೆಯ ಅಪರಾಧಗಳಿಗೆ ಪ್ಲೀ ಬಾರ್ಗೇನಿಂಗ್ ಇಲ್ಲ. ದೇಶದ ಸಾಮಾಜಿಕ, ಆರ್ಥಿಕ ಸ್ಥಿತಿಗೆ ಧಕ್ಕೆ ತರುತ್ತವೆಂದು ಕೇಂದ್ರ ಸರ್ಕಾರ 2006ರಲ್ಲಿ ಪಟ್ಟಿ ಮಾಡಿದ ಕಾಯ್ದೆಗಳಿಗೂ ಇಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ ಆ ಪಟ್ಟಿಯಲ್ಲಿದೆ, ಸಿನಿಮಾ ಕಾಯ್ದೆಯೂ ಇದೆ. ಭ್ರಷ್ಟಾಚಾರ ತಡೆ ಕಾಯ್ದೆ ಇಲ್ಲ! ಹಾಗಾಗಿ ಬರೀ 7ಎ ಇದ್ದರೆ ಕಾಗದದ ಮೇಲೆ ಬಾಗಿಲು ತೆರೆದೇ ಇದೆ. ಸಾರ್ವಜನಿಕ ನೌಕರರ ದುರ್ನಡತೆಗೆ ಸಂಬಂಧಿಸಿದ 13ನೇ ಕಲಮೂ ಸೇರಿದ್ದರೆ ಸಜೆ 10 ವರ್ಷದವರೆಗೆ ಹೋಗುತ್ತದೆ, ಆಗ ಬಾಗಿಲು ಬಂದ್.

2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಂತೆ (ಹಳೆಯ ಸಿಆರ್‌ಪಿಸಿ ಬದಲು ಬಂದದ್ದು), ಕೋರ್ಟು ಆರೋಪ ನಿಗದಿ ಮಾಡಿದ 30 ದಿನದೊಳಗೆ ಆರೋಪಿಯೇ ಸ್ವಇಚ್ಛೆಯಿಂದ ಅರ್ಜಿ ಹಾಕಬೇಕು. ನ್ಯಾಯಾಧೀಶರು ಉಳಿದವರನ್ನು ಹೊರಗೆ ಕಳಿಸಿ, ಇದು ನಿಮ್ಮದೇ ಮನಸ್ಸಿನ ಮಾತೋ, ಯಾರದಾದರೂ ಒತ್ತಾಯವೋ ಎಂದು ಕೇಳುತ್ತಾರೆ. ಮೊದಲ ಸಲ ತಪ್ಪು ಮಾಡಿದವರಿಗೆ ಕನಿಷ್ಠ ಶಿಕ್ಷೆಯ ನಾಲ್ಕನೇ ಒಂದು ಭಾಗ ಕೊಡಬಹುದು. 3 ವರ್ಷಕ್ಕೆ ಲೆಕ್ಕ ಹಾಕಿದರೆ 9 ತಿಂಗಳು. ಕೇಳಲು ಚೆಂದ. ಆದರೆ ಅದು ಖುಲಾಸೆ ಅಲ್ಲ, ದೋಷಿ ಎಂಬ ತೀರ್ಪು. ರಿಟ್ ಅಥವಾ ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ ಬಿಟ್ಟರೆ ಮೇಲ್ಮನವಿಗೆ ಜಾಗವಿಲ್ಲ. ಸರ್ಕಾರಿ ನೌಕರರಾಗಿದ್ದರಂತೂ ಸಂವಿಧಾನದ 311ನೇ ವಿಧಿಯಡಿ ಬೇರೆ ವಿಚಾರಣೆಯೇ ಇಲ್ಲದೆ ನೌಕರಿ ಹೋಗಬಹುದು. ವಿಧಾನಸಭೆಗೆ ನಿಲ್ಲುವ ಆಸೆ ಇದ್ದರೆ ಅದನ್ನೂ ಬಹಳ ವರ್ಷ ಮರೆಯಬೇಕು.

ಇನ್ನು ಮಾಫಿ ಸಾಕ್ಷಿ. ಇದನ್ನು ಪೊಲೀಸರು ಮಾತು ಕೊಟ್ಟು ಮಾಡಿಬಿಡಲು ಬರುವುದಿಲ್ಲ. ‘ನೀ ಹೇಳು, ನಿನ್ನ ಬಿಡಸ್ತೇವಿ’ ಎಂದು ಠಾಣೆಯಲ್ಲಿ ಯಾರಾದರೂ ಅಂದಿದ್ದರೆ ಅದಕ್ಕೆ ಕಿಮ್ಮತ್ತಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯ 5ನೇ ಕಲಂ ಪ್ರಕಾರ ಕ್ಷಮೆ ಕೊಡುವ ಅಧಿಕಾರ ವಿಶೇಷ ನ್ಯಾಯಾಧೀಶರದ್ದು. ಷರತ್ತು ಒಂದೇ: ತನಗೆ ಗೊತ್ತಿರುವುದನ್ನೆಲ್ಲ, ತನ್ನ ಪಾಲನ್ನೂ ಸೇರಿಸಿ, ಮುಚ್ಚುಮರೆ ಇಲ್ಲದೆ ಹೇಳಬೇಕು. ಏನನ್ನಾದರೂ ಮುಚ್ಚಿಟ್ಟಿದ್ದಾನೆ ಅಥವಾ ಸುಳ್ಳು ಹೇಳಿದ್ದಾನೆಂದು ಸರ್ಕಾರಿ ಅಭಿಯೋಜಕರು ಪ್ರಮಾಣೀಕರಿಸಿದರೆ, ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಎದುರಿಸಬೇಕಾಗುತ್ತದೆ. ಆಗ ಅವನು ಕೊಟ್ಟ ಹೇಳಿಕೆಯನ್ನೇ ಅವನ ವಿರುದ್ಧ ಓದುತ್ತಾರೆ. ಹೈಕೋರ್ಟ್ ಮಂಜೂರಾತಿ ಕೊಟ್ಟರೆ ಸುಳ್ಳು ಸಾಕ್ಷಿಯ ಕೇಸು ಬೇರೆ; ಬಾಗಲಕೋಟೆಯವರಿಗೆ ಅದು ಧಾರವಾಡ ಪೀಠ.

ಹೋಗಲಿ, ಖರೆ ಹೇಳಿದ ಎಂದುಕೊಳ್ಳೋಣ. ಅವನೊಬ್ಬನ ಮಾತಿನ ಮೇಲೆ ಸಾಹೇಬರಿಗೆ ಶಿಕ್ಷೆ ಆಗುವುದಿಲ್ಲ. ಅಪರಾಧದ ಪಾಲುಗಾರನ ಮಾತಿಗೆ ಬೇರೆ ಆಧಾರವಿಲ್ಲದಿದ್ದರೆ ನಂಬಬೇಡಿ ಎಂಬುದು ಸಾಕ್ಷ್ಯ ಕಾನೂನಿನ ಹಳೆಯ ಎಚ್ಚರಿಕೆ. ಹೊಸ ಸಾಕ್ಷ್ಯ ಅಧಿನಿಯಮದ 138ನೇ ಕಲಮಂತೂ ಬೇರೆ ಸಾಕ್ಷ್ಯದ ಬೆಂಬಲ ಇರುವ ಮಾತನ್ನೇ ಕೇಳುತ್ತದೆ. ಲಂಚ ಪಡೆಯುವಾಗಲೇ ಬಲೆ ಬೀಸಿ ಹಿಡಿಯುವ ಟ್ರ್ಯಾಪ್ ಕೇಸಿನಲ್ಲಿ ಏನಾಗುತ್ತದೆ ನೋಡಿ. ಫಿನಾಫ್ತಲೀನ್ ಪುಡಿ ಹಚ್ಚಿದ ನೋಟು ಮುಟ್ಟಿದ ಬೆರಳನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿಸುತ್ತಾರೆ, ನೀರು ಗುಲಾಬಿ ಆಗುತ್ತದೆ, ಪಂಚರ ಎದುರು ಬಾಟಲಿಗೆ ಸೀಲು ಬೀಳುತ್ತದೆ. ಆ ಬಾಟಲಿ ಪಿಎ ಕೈಗೆ ಸಾಕ್ಷಿ, ಸಾಹೇಬರಿಗೆ ಅಲ್ಲ. ಸಾಹೇಬರವರೆಗೆ ಹೋಗಲು ಫೋನ್ ಮಾತು, ವಾಟ್ಸ್ಆ್ಯಪ್ ಸಂದೇಶ, ಬ್ಯಾಂಕ್ ಲೆಕ್ಕ, ಫೈಲಿನ ಮೇಲಿನ ಷರಾ, ಏನಾದರೂ ಬೇಕು. ಅಂಥದ್ದೇನೂ ಇಲ್ಲದಿದ್ದರೆ ಬರೀ ಹೆಸರು ಹೇಳಿ ಮಾಫಿ ಸಿಗುವುದೂ ಕಷ್ಟ.

ಒಂದು ಮಾತು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಮಾಮಾನ ವಕೀಲರ ಫೀ ಯಾರು ಕೊಡುತ್ತಿದ್ದಾರೆ? ಇಂಥ ಕೇಸುಗಳಲ್ಲಿ ವಕಾಲತ್ತಿನ ಮಾತಿಗೆ ಸಾಹೇಬರ ಡ್ರೈವರೇ ಬರುವುದನ್ನು ಕೋರ್ಟ್ ಆವರಣದಲ್ಲಿ ಕಂಡಿದ್ದೇನೆ. ‘ಸಾಹೇಬ್ರು ಎಲ್ಲಾ ನೋಡ್ಕೋತಾರ, ನೀ ಸುಮ್ಮ ಇರು’ ಎನ್ನುತ್ತಾರೆ. ಫೀ ಕೊಡುವವರ ಹಿತವೂ ಆರೋಪಿಯ ಹಿತವೂ ಇಲ್ಲಿ ಒಂದೇ ಅಲ್ಲ. ಬೇರೆ ವಕೀಲರನ್ನು ಹಿಡಿಯಿರಿ. ಕೈಯಲ್ಲಿ ರೊಕ್ಕವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ; ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ಪ್ರಶ್ನೆ: ಅಮೆರಿಕದಲ್ಲಿ ಗವರ್ನರುಗಳ ಆಪ್ತರೇ ತಪ್ಪೊಪ್ಪಿಕೊಂಡು ದೊಡ್ಡವರನ್ನು ಜೈಲಿಗೆ ಕಳಿಸುತ್ತಾರೆ. ನಮ್ಮಲ್ಲಿ ಪಿಎಗಳಷ್ಟೇ ಸಿಕ್ಕಿಬೀಳುತ್ತಾರೆ. ಆ ಪದ್ಧತಿ ಇಲ್ಲಿಗೂ ತರಬಾರದೇಕೆ? — ನಿವೃತ್ತ ಶಿಕ್ಷಕ, ಅಥಣಿ

ಉತ್ತರ: ಗುರುಗಳೇ, ಅಲ್ಲಿ ಈ ಎರಡು ದಾರಿ ಒಂದೇ ಆಗಿವೆ. ಸರ್ಕಾರಿ ವಕೀಲರು ಆರೋಪಿಯ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳುತ್ತಾರೆ: ತಪ್ಪು ಒಪ್ಪಿಕೋ, ಮೇಲಿನವರ ವಿರುದ್ಧ ಸಾಕ್ಷಿ ಹೇಳು, ಶಿಕ್ಷೆ ಇಳಿಸಲು ನಾವು ಕೋರ್ಟಿಗೆ ಹೇಳುತ್ತೇವೆ. ಫೆಡರಲ್ ಕೋರ್ಟುಗಳಲ್ಲಿ ಸುಮಾರು ನೂರಕ್ಕೆ 90 ಆರೋಪಿಗಳು ವಿಚಾರಣೆಗೇ ಹೋಗದೆ ತಪ್ಪೊಪ್ಪಿಕೊಳ್ಳುತ್ತಾರೆ. ನಮ್ಮ ಪ್ಲೀ ಬಾರ್ಗೇನಿಂಗ್‌ನಲ್ಲಿ ಮೇಲಿನವರ ಬಗ್ಗೆ ಹೇಳಬೇಕೆಂಬ ಷರತ್ತೇ ಇಲ್ಲ.

ನೀವು ಹೇಳುವಂಥದ್ದಕ್ಕೆ ಒಳ್ಳೆಯ ಉದಾಹರಣೆ ಇಲಿನಾಯ್ ರಾಜ್ಯದ್ದು (ಅಲ್ಲಿ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿ ಇದ್ದಂತೆ). ಒಬಾಮ ಅಧ್ಯಕ್ಷರಾದಾಗ ತೆರವಾದ ಸೆನೆಟ್ ಸ್ಥಾನವನ್ನೇ ಮಾರಲು ಹೊರಟಿದ್ದ ಗವರ್ನರ್ ರಾಡ್ ಬ್ಲಾಗೊಯೆವಿಚ್ ಅವರ ಸಿಬ್ಬಂದಿ ಮುಖ್ಯಸ್ಥ ಜಾನ್ ಹ್ಯಾರಿಸ್ 2009ರಲ್ಲಿ ತಪ್ಪೊಪ್ಪಿಕೊಂಡು ಸಾಕ್ಷಿ ಹೇಳಿದರು. ಗವರ್ನರ್‌ಗೆ 2011ರಲ್ಲಿ 14 ವರ್ಷ, ಹ್ಯಾರಿಸ್‌ಗೆ 10 ದಿನ. ಆದರೆ ಅಲ್ಲಿ ಗವರ್ನರ್ ಫೋನಿನಲ್ಲಿ ಆಡಿದ ಮಾತಿನ ಧ್ವನಿಮುದ್ರಣ ಇತ್ತು ಎಂಬುದನ್ನು ಮರೆಯಬಾರದು. ಆಮೇಲಿನ ಕಥೆಯೂ ಕೇಳಿ: ಅಧ್ಯಕ್ಷ ಟ್ರಂಪ್ 2020ರಲ್ಲಿ ಬ್ಲಾಗೊಯೆವಿಚ್ ಅವರನ್ನು ಜೈಲಿನಿಂದ ಬಿಡಿಸಿದರು, 2025ರಲ್ಲಿ ಪೂರ್ತಿ ಕ್ಷಮೆಯನ್ನೂ ಕೊಟ್ಟರು.

ಇದರ ಇನ್ನೊಂದು ಮಗ್ಗುಲು ನ್ಯೂಯಾರ್ಕಿನದು. ಗವರ್ನರ್ ಆ್ಯಂಡ್ರೂ ಕ್ವೋಮೊ ಅವರ ಆಪ್ತ ಜೋಸೆಫ್ ಪರ್ಕೋಕೊ ವಿರುದ್ಧದ ಪ್ರಕರಣದಲ್ಲಿ ಲಾಬಿದಾರ ಟಾಡ್ ಹೌ ತಪ್ಪೊಪ್ಪಿಕೊಂಡು ಮುಖ್ಯ ಸಾಕ್ಷಿಯಾದ. 2018ರಲ್ಲಿ ಪಾಟಿ ಸವಾಲಿನ ನಡುವೆ, ಒಂದು ಹೋಟೆಲ್ ಬಿಲ್ಲಿನ ವಿಷಯದಲ್ಲಿ ಕ್ರೆಡಿಟ್ ಕಾರ್ಡ್ ಕಂಪನಿಗೆ ಟೋಪಿ ಹಾಕಲು ನೋಡಿದ್ದು ಹೊರಬಿತ್ತು. ಜಾಮೀನು ರದ್ದಾಗಿ ಸಾಕ್ಷಿದಾರನೇ ಜೈಲಿಗೆ ಹೋದ. ಪರ್ಕೋಕೊಗೆ ಶಿಕ್ಷೆ ಆಯಿತೇನೋ ಹೌದು, ಆದರೆ 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಬೇರೆ ಕಾರಣಕ್ಕೆ ತಳ್ಳಿಹಾಕಿತು: ಸರ್ಕಾರಿ ಹುದ್ದೆ ಬಿಟ್ಟು ಹೊರಗಿದ್ದ ಅವಧಿಯಲ್ಲಿ ಅವನ ಮೇಲೆ ಜನರ ಹೊಣೆ ಇತ್ತೇ ಎಂಬುದನ್ನು ಜ್ಯೂರಿಗೆ ತಿಳಿಸಿದ ರೀತಿ ಸರಿಯಿರಲಿಲ್ಲ. ಹುದ್ದೆ ಇಲ್ಲದ ಪ್ರಭಾವಿಯನ್ನು ಹಿಡಿಯುವ ಮಟ್ಟಿಗೆ ನಮ್ಮ 7ಎ ಅವರ ಕಾನೂನಿಗಿಂತ ಸ್ಪಷ್ಟವಾಗಿದೆ ಎಂದೇ ನನ್ನ ಅಭಿಪ್ರಾಯ.

ನಮ್ಮಲ್ಲಿ ಮಾಫಿ ಸಾಕ್ಷಿಗಳು ಇಲ್ಲವೆಂದೇನಲ್ಲ. ಗಡಿಯಾಚೆ ಮಹಾರಾಷ್ಟ್ರದ ಮಾಜಿ ಗೃಹ ಸಚಿವ ಅನಿಲ್ ದೇಶಮುಖ್ ಮೇಲಿನ ಸಿಬಿಐ ಪ್ರಕರಣದಲ್ಲಿ ಅವರ ಇಬ್ಬರು ಆಪ್ತರೂ ಬಂಧನಕ್ಕೊಳಗಾಗಿದ್ದರು. ಅದೇ ಪ್ರಕರಣದ ಇನ್ನೊಬ್ಬ ಆರೋಪಿ, ವಜಾಗೊಂಡ ಪೊಲೀಸ್ ಅಧಿಕಾರಿ ಸಚಿನ್ ವಾಝೆಯನ್ನು 2022ರಲ್ಲಿ ವಿಶೇಷ ನ್ಯಾಯಾಲಯ ಮಾಫಿ ಸಾಕ್ಷಿಯಾಗಿ ಒಪ್ಪಿತು. ಆ ಕೇಸಿನಲ್ಲಿ ವಾಝೆಗೆ ಜಾಮೀನು ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ, ಬಾಂಬೆ ಹೈಕೋರ್ಟಿನಿಂದ. ಮಾಫಿ ಸಿಕ್ಕ ಮಾತ್ರಕ್ಕೆ ಮರುದಿನ ಮನೆಗೆ ಬರಬಹುದು ಎಂದುಕೊಂಡವರು ಇದನ್ನು ಗಮನಿಸಬೇಕು.

ಅಮೆರಿಕದ ಪದ್ಧತಿ ತರಬೇಕೇ? ನಾನು ಬೇಡ ಎನ್ನುವ ಪಂಗಡ. ಅಲ್ಲಿನಂತೆ ಬೆಲೆ ಕಟ್ಟುವ ಅಧಿಕಾರ ಅಭಿಯೋಜಕರ ಕೈಗೆ ಬಂದರೆ, ಆಳುವ ಪಕ್ಷ ಬದಲಾದಾಗಲೆಲ್ಲ ಪಿಎಗಳ ಬಾಯಲ್ಲಿ ಬರುವ ಹೆಸರೂ ಬದಲಾಗುತ್ತದೆ. ಮಾಫಿಯ ಅಧಿಕಾರ ನ್ಯಾಯಾಧೀಶರ ಕೈಯಲ್ಲೇ ಇರಲಿ. ಬದಲಿಗೆ ಪ್ಲೀ ಬಾರ್ಗೇನಿಂಗ್ ಇಲ್ಲದ ಕಾಯ್ದೆಗಳ ಈಗಿರುವ ಪಟ್ಟಿಗೆ ಭ್ರಷ್ಟಾಚಾರ ತಡೆ ಕಾಯ್ದೆಯನ್ನು ಸೇರಿಸಿ ಆ ದಾರಿ ಮುಚ್ಚುವುದು ಒಳ್ಳೆಯದು. ಪಿಎ 9 ತಿಂಗಳು ಒಪ್ಪಿಕೊಂಡರೆ ಅವನ ಮಟ್ಟಿಗೆ ಸಾಕ್ಷಿ ವಿಚಾರಣೆ ಇಲ್ಲ, ಫೈಲ್ ಬಂದ್, ಸಾಹೇಬರ ಹೆಸರು ದಾಖಲೆಗೇ ಬರುವುದಿಲ್ಲ.

ಪ್ರಶ್ನೆ: ದೂರುದಾರರ ಜೊತೆ ಮಾತಾಡಿ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದಾ? — ಗೋಕಾಕ

ಉತ್ತರ: ಇಲ್ಲ. ಇದು ಚೆಕ್ ಬೌನ್ಸ್ ಕೇಸಲ್ಲ. ದೂರುದಾರ ಕೋರ್ಟಿನಲ್ಲಿ ತಿರುಗಿ ಬಿದ್ದರೂ ಉಳಿದ ಸಾಕ್ಷ್ಯದ ಮೇಲೆ ಶಿಕ್ಷೆ ಕೊಡಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀರಜ್ ದತ್ತಾ ಪ್ರಕರಣದಲ್ಲಿ 2022ರಲ್ಲೇ ಹೇಳಿದೆ. ದೂರುದಾರರ ಮನೆಗೆ ಹಿರಿಯರನ್ನು ಕಳಿಸಿದರೆ ಸಾಕ್ಷಿ ಮೇಲೆ ಒತ್ತಡ ತಂದರೆಂದು ಇದ್ದ ಜಾಮೀನೂ ಹೋಗಬಹುದು.

ಪ್ರಶ್ನೆ: ನಾನು ಸಣ್ಣ ಗುತ್ತಿಗೆದಾರ. ಪಿಎ ಪೀಡಿಸಿದ್ದಕ್ಕೆ ನಾಲ್ಕು ದಿನದ ಹಿಂದೆ ಒಂದು ಕಂತು ಕೊಟ್ಟೀನಿ, ಇನ್ನೊಂದು ಕೇಳಾಕತ್ತಾನ. ಈಗ ದೂರು ಕೊಟ್ಟರ ನನ್ನ ಮ್ಯಾಲೇ ಕೇಸ್ ಆಗತೈತೇನ್ರಿ? — ಇಂಡಿ

ಉತ್ತರ: ಲಂಚ ಕೊಟ್ಟವರ ಹೇಳಿಕೆಗೆ ಮೊದಲು ಇದ್ದ ರಕ್ಷಣೆಯನ್ನು 2018ರಲ್ಲಿ ತೆಗೆದಿದ್ದಾರೆ. ಕೊಡುವುದೂ ಈಗ 8ನೇ ಕಲಂ ಪ್ರಕಾರ ಅಪರಾಧ, 7 ವರ್ಷದವರೆಗೆ ಸಜೆ ಇದೆ. ಆದರೆ ಒತ್ತಾಯಕ್ಕೆ ಸಿಕ್ಕು ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಆ ಕಲಂ ಅನ್ವಯಿಸುವುದಿಲ್ಲ. ನಿಮಗೆ ಇನ್ನೂ ಮೂರು ದಿನ ಇದೆ, ಅಂಚೆಗೆ ಹಾಕಿ ಕೂರಬೇಡಿ. ವಿಜಯಪುರದ ಲೋಕಾಯುಕ್ತ ಪೊಲೀಸ್ ಠಾಣೆಗೆ ನೀವೇ ಹೋಗಿ ಲಿಖಿತ ದೂರು ಕೊಟ್ಟು, ತಾರೀಖು ಹಾಕಿದ ಸ್ವೀಕೃತಿ ಇಸ್ಕೊಳ್ಳಿ. ಎರಡನೇ ಕಂತನ್ನು ಅವರಿಗೆ ತಿಳಿಸಿ, ಅವರು ಹೇಳಿದಂತೆ ಕೊಟ್ಟರೆ ಅದು ಅಪರಾಧವಲ್ಲ. ಫೋನಿನಲ್ಲಿರುವ ಕರೆ, ಸಂದೇಶ ಒಂದನ್ನೂ ಅಳಿಸಬೇಡಿ, ಫೋನ್ ಬದಲಾಯಿಸಲೂ ಬೇಡಿ.